ಕೆಂಪು ಗೆರೆ

ಆಂಗ್ಲ ಕಾದಂಬರಿಕಾರ ಕಾಲಿನ್ ಡೆಕ್ಸ್‌ಟರ್ ಮೊದಲು ಶಾಲಾ ಉಪಾಧ್ಯಾಯರಾಗಿದ್ದರು. ಕಿವುಡು ಹೆಚ್ಚಿದುದರಿಂದ 1966ರಲ್ಲಿ ಬೋಧನೆಯನ್ನು ಬಿಟ್ಟರು. ಅವರು ಸೃಷ್ಟಿಸಿದ ಆಕ್ಸ್‌ಫರ್ಡಿನ ಪೊಲೀಸ್ ಪತ್ತೇದಾರ ಮೋರ್ಸ್, 1987ರಿಂದ 2000ದವರೆಗೆ 33 ಕಂತುಗಳಲ್ಲಿ ದೂರದರ್ಶನದ ತೆರೆಯ ಮೇಲೆ ಬಂದನು; ಪಾತ್ರಧಾರಿ ಜಾನ್ ಥಾ. ಪರರ ಕಾಗುಣಿತದ ತಪ್ಪನ್ನು ಮೋರ್ಸ್ ಸಹಿಸನು. ಆದರೆ ಅವನ ಊಹೆಗಳೇ ಮೇಲಿಂದ ಮೇಲೆ ತಪ್ಪುತ್ತವೆ. ತಪ್ಪಿದೆನೆಂದು ತಿಳಿದ ಮೇಲೆ ಅವನು ಹಳೆಯ ಊಹೆಯನ್ನು ಬಿಸುಟು ಮೊದಲಿನಿಂದ ಯೋಚಿಸುತ್ತಾನೆ.

ಅವನನ್ನು ತೆರೆಯಲ್ಲಿ ಕಂಡಾಗಲೆಲ್ಲ, ಅಕ್ಕಲಕೋಟೆಯ ಕಡೆ ನಾನು ಪಾಠ ಹೇಳಿದ ಮೊದಲ ವರ್ಷ ನೆನಪಾಗುತ್ತದೆ. “ಅಜ್ಜ ಜೋಳವನ್ನು ಹಗೇವಿನಲ್ಲಿ ಇಟ್ಟನು” ಎಂದು ಹುಡುಗನೊಬ್ಬನು ಬರೆದಿದ್ದನು. ಕರಾವಳಿಯಿಂದ ಬಂದ ನಾನು, “ಹಗೆಯಲ್ಲಿ ಜೋಳವಿಡುವುದುಂಟೇನಯ್ಯಾ?” ಎಂದು ನಕ್ಕು, ಕೆಂಪು ಗೆರೆ ಎಳೆದೆನು. ತರಗತಿ ನಗಲಿಲ್ಲ.

ಹಗೇವೆಂದರೆ ಧಾನ್ಯ ತುಂಬಿಡುವ ನೆಲದೊಳಗಿನ ಕಣಜವೆಂದು ಆ ಸಂಜೆ ಮನೆಯೊಡತಿಯಿಂದ ತಿಳಿಯಿತು. ಆದರೂ ಮರುದಿನ ಮಕ್ಕಳೆದುರು “ತಪ್ಪು ನನ್ನದು” ಎನ್ನುವ ಧೈರ್ಯ ನನಗಾಗಲಿಲ್ಲ. ಆ ಹುಡುಗನು ಅಂದಿನಿಂದ ಪುಸ್ತಕದ ಮಾತುಗಳನ್ನಷ್ಟೇ ಬರೆದನು. ಅವನು ಪರೀಕ್ಷೆಯಲ್ಲಿ ಉತ್ತೀರ್ಣನಾದನು. ಅವನ ಅಜ್ಜನ ಮಾತು ಮಾತ್ರ ನನ್ನ ತರಗತಿಗೆ ಮತ್ತೆ ಬರಲಿಲ್ಲ.