ಗೆಳೆತನಕ್ಕೂ ಒಂದು ಕಾಗದವಿರಲಿ

ನಮ್ಮ ಮಹಡಿಯ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಶುರುವಾದದ್ದು 2022ರ ಯುಗಾದಿಗೆ. ಮಗಳು ಬಿ.ಕಾಂ. ಮುಗಿಸಿದ್ದಳು. ಅವಳ ಗೆಳತಿ ವಸ್ತ್ರವಿನ್ಯಾಸದ ಡಿಪ್ಲೊಮಾ ಮಾಡಿಕೊಂಡಿದ್ದಳು. ಇಬ್ಬರೂ ಸೇರಿ ಹೆಣ್ಣುಮಕ್ಕಳ ಕುರ್ತಾ ಹೊಲಿದು ಮಾರುವುದೆಂದು ನಿಶ್ಚಯಿಸಿದರು. ಧಾರವಾಡದಂಥ ಊರಿನಲ್ಲಿ ಓದಿದ ಹುಡುಗಿಯರು ಬ್ಯಾಂಕಿನ ಪರೀಕ್ಷೆ ಬರೆಯುವುದು ಬಿಟ್ಟು ಬಟ್ಟೆ ಹೊಲಿಯುತ್ತಾರೆಂದರೆ ನೆಂಟರು ಸುಮ್ಮನಿದ್ದಾರೆಯೆ? ನಾನು ಮಾತ್ರ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ನನ್ನ ಭವಿಷ್ಯನಿಧಿಯಿಂದ 2 ಲಕ್ಷ ರೂಪಾಯಿ ತೆಗೆದುಕೊಟ್ಟೆ. ಗೆಳತಿ ಹಣ ಹಾಕಲಿಲ್ಲ. ಅವಳ ಬಂಡವಾಳ ಅವಳ ಕತ್ತರಿ ಮತ್ತು ಕೈಚಳಕ.

‘ಇಬ್ಬರೂ ಕೂಡಿ ಒಂದು ಪಾಲುದಾರಿಕೆ ಪತ್ರ ಬರೆಸಿಕೊಳ್ಳಿ’ ಎಂದು ನಾನು ಒಮ್ಮೆ ಹೇಳಿದ್ದುಂಟು. ‘ಅವ್ವಾ, ಒಂದ ತಾಟಿನಾಗ ಉಂಡು ಬೆಳದವರು ನಾವು. ನಮ್ಮ ನಡುವ ಕಾಗದ ಯಾಕ?’ ಎಂದಳು ಮಗಳು. ಕೇಳಲು ಹಿತವಾಗಿತ್ತು. ಸುಮ್ಮನಾದೆ. ಈಗ ಯೋಚಿಸಿದರೆ ತಪ್ಪು ನಡೆದದ್ದು ಅಲ್ಲೇ.

ಎರಡು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳವರು ಮಾಲು ಕೇಳತೊಡಗಿದರು. ಆಮೇಲೆ ಒಂದೇ ವಾರದಲ್ಲಿ ಎರಡು ಲಕೋಟೆಗಳು ಬಂದವು. ಒಂದು ಗೆಳತಿಯ ಲಗ್ನಪತ್ರಿಕೆ. ಗಂಡಿನ ಊರು ಪುಣೆ. ಇನ್ನೊಂದು ವಕೀಲರ ನೋಟಿಸು. ನೀವು ಬಳಸುತ್ತಿರುವ ಹೆಸರು ನಮ್ಮ ಕಕ್ಷಿದಾರರದು, ಕೂಡಲೇ ನಿಲ್ಲಿಸತಕ್ಕದ್ದು ಎಂದು ಅದರಲ್ಲಿತ್ತು.

ನೋಟಿಸು ಹಿಡಿದುಕೊಂಡು ನನ್ನ ಚಿಕ್ಕಪ್ಪನ ಮಗನ ಬಳಿ ಓಡಿದೆವು. ಅವನು ವಕೀಲ. ‘ಮೊದಲ ಬಿಲ್ಲು ಯಾವ ವರ್ಷದ್ದು ಯವ್ವಾ?’ ಎಂದು ಮಗಳನ್ನು ಕೇಳಿದ. ನಮ್ಮದು 2022ರದು. ಅವರು ಅದೇ ಹೆಸರನ್ನು 2016ರಲ್ಲೇ ಉಡುಪುಗಳಿಗಾಗಿ, ಅಂದರೆ 25ನೇ ವರ್ಗದಲ್ಲಿ, ನೋಂದಾಯಿಸಿದ್ದರು. ನೋಂದಣಿಗಿಂತ ಮೊದಲೇ ನಾವು ಆ ಹೆಸರಿನಲ್ಲಿ ವ್ಯಾಪಾರ ನಡೆಸುತ್ತ ಬಂದಿದ್ದರೆ ವಾದಿಸಲು ಆಧಾರವಿರುತ್ತಿತ್ತಂತೆ. ಟ್ರೇಡ್‌ಮಾರ್ಕ್ ಇಲಾಖೆಯ ಪಟ್ಟಿಯಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಹೆಸರು ಹುಡುಕಬಹುದು. ಅಂಗಡಿಗೆ ಹೆಸರಿಡುವ ದಿನ ಹತ್ತು ನಿಮಿಷ ಹುಡುಕಿದ್ದರೆ ಸಾಕಿತ್ತು!

ಅವನ ಕಣ್ಣು ಲೇಬಲ್ಲಿನ ಮೇಲೆ ಬಿತ್ತು. ಹೆಸರಿನ ಪಕ್ಕ ವರ್ತುಲದೊಳಗೆ ಇಂಗ್ಲಿಷಿನ ಆರ್ ಅಕ್ಷರ. ‘ಇದನ್ನ ಯಾಕ ಹಾಕೀರಿ?’ ಎಂದ. ‘ಛಂದ ಕಾಣತದ ಅಂತ, ಮಾಮಾ’ ಎಂದಳು ಮಗಳು. ಅವನು ಹಣೆ ಚಚ್ಚಿಕೊಂಡ. ಅದು ನೋಂದಣಿಯಾದ ಗುರುತಿಗೆ ಮಾತ್ರ ಹಾಕುವ ಚಿಹ್ನೆ. ಆಗದಿದ್ದಾಗ ಹಾಕುವುದು ಕಾಯಿದೆಯಂತೆ ತಪ್ಪು. ಟಿ.ಎಂ. ಎಂಬ ಎರಡಕ್ಷರವನ್ನು ಮಾತ್ರ ನೋಂದಣಿಗೆ ಮುಂಚೆಯೂ ಬಳಸಬಹುದಂತೆ.

ಹೆಸರು ಬಿಟ್ಟರೆ ಆ ಸಂಕಟ ತೀರುತ್ತಿತ್ತು. ಗೆಳತಿಯ ಪಾಲಿನ ಪ್ರಶ್ನೆ ಅಷ್ಟು ಸುಲಭವಿರಲಿಲ್ಲ. ಲಾಭದಲ್ಲಿ ಅರ್ಧ ತನ್ನದೆಂದು ಅವಳು, ಹಣವೆಲ್ಲ ನಮ್ಮದೆಂದು ಮಗಳು. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ-ನಷ್ಟ ಸಮಪಾಲು. ಯಾರು ಎಷ್ಟು ಬಂಡವಾಳ ಹಾಕಿದರೆಂದು ಕಾಯಿದೆ ನೋಡುವುದಿಲ್ಲ. ನನ್ನ 2 ಲಕ್ಷವೋ? ಅದು ಸಾಲವೋ, ಬಂಡವಾಳವೋ, ಮಗಳಿಗೆ ಕೊಟ್ಟ ಉಡುಗೊರೆಯೋ ಎಂದು ವಕೀಲ ಕೇಳಿದಾಗ ನನ್ನ ಬಳಿಯೇ ಉತ್ತರವಿರಲಿಲ್ಲ. ಇದರ ಮೇಲೆ ಒಬ್ಬ ಅಂಗಡಿಕಾರ 60,000 ರೂಪಾಯಿ ಬಾಕಿ ಉಳಿಸಿಕೊಂಡಿದ್ದ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ನಡೆಯುತ್ತಿರುವಾಗ ಇಂಥ ಬಾಕಿಗಾಗಿ ದಾವೆ ಹೂಡುವಂತಿಲ್ಲ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ!

ಗೆಳತಿಯರ ಮಾತು ನಿಂತಿತು. ಹೊಸ ಮಾಲಿನಲ್ಲಿ 340 ಕುರ್ತಾಗಳ ಲೇಬಲ್ಲು ಬಿಚ್ಚಬೇಕಿತ್ತು. ಮಗಳು ಒಬ್ಬಳೇ ಕುಳಿತು ಬಿಚ್ಚುತ್ತಿದ್ದಳು. ಅರಿಷಿಣದ ಹಿಂದಿನ ದಿನ ಸಂಜೆ ಗೆಳತಿ ಮೆಟ್ಟಿಲು ಹತ್ತಿ ಬಂದಳು. ಏನೂ ಮಾತಾಡದೆ ಒಂದು ಬ್ಲೇಡು ತೆಗೆದುಕೊಂಡು ಎದುರಿಗೆ ಕುಳಿತಳು. ನಾನು ಚಹಾ ಕೊಟ್ಟು ಕೆಳಗಿಳಿದೆ. ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿದರೆ ಇಬ್ಬರೂ ಅತ್ತು ಮುಗಿಸಿ, ನೋಟುಪುಸ್ತಕದ ಹಾಳೆಯ ಮೇಲೆ ಲೆಕ್ಕ ಬರೆಯುತ್ತಿದ್ದರು. ಒಂದು ಯಂತ್ರ ಅವಳಿಗೆ. ಅವಳ ಪಾಲಿನ ಹಣ ಆರು ಕಂತುಗಳಲ್ಲಿ. ಅವಳು ಮಾಡಿದ ವಿನ್ಯಾಸಗಳನ್ನು ಬಳಸಲು ಮಗಳಿಗೆ ಲಿಖಿತ ಒಪ್ಪಿಗೆ. ಮರುದಿನ ವಕೀಲ ಅದನ್ನೇ ಛಾಪಾ ಕಾಗದದ ಮೇಲೆ ಕ್ರಮವಾಗಿ ಬರೆಸಿದ.

ಈಗ ವ್ಯಾಪಾರ ಮಗಳೊಬ್ಬಳ ಹೆಸರಿನಲ್ಲಿದೆ. ಹೊಸ ಹೆಸರಿನಲ್ಲಿ ‘ಕಸೂತಿ’ ಎಂಬ ಶಬ್ದ ಸೇರಿಸುವ ಆಸೆ ಅವಳಿಗಿತ್ತು. ವಕೀಲ ತಡೆದ. ನಮ್ಮ ಕಡೆಯ ಕಸೂತಿಗೆ ಭೌಗೋಳಿಕ ಗುರುತಿನ ನೋಂದಣಿಯಿದೆ. ಎಳೆ ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಕೈಯಿಂದ ಹಾಕುವ ಹೊಲಿಗೆ ಅದು. ಯಂತ್ರದಿಂದ ತೆಗೆದ ಹೂವಿಗೆ ಆ ಹೆಸರಿಟ್ಟರೆ ಕಾಯಿದೆಗೂ ಸಲ್ಲದು, ಕಣ್ಣು ಸವೆಸಿ ಹಾಕುವ ಹೆಂಗಸರಿಗೂ ದ್ರೋಹ. ಮಗಳು ಬೇರೆ ಹೆಸರು ಹುಡುಕಿ, 4,500 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದ್ದಾಳೆ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ ಇರುವ ಶುಲ್ಕ ಅಷ್ಟೆ. ಲೇಬಲ್ಲಿಗೆ ಸುರಿದದ್ದು ಅದಕ್ಕಿಂತ ಎಷ್ಟೋ ಹೆಚ್ಚು.

ಮಕ್ಕಳು ಉದ್ಯಮ ಮಾಡುತ್ತೇನೆಂದರೆ ಬೇಡವೆನ್ನಬೇಡಿ. ಹಣ ಕೊಡುವಾಗ ಅದು ಯಾವ ಲೆಕ್ಕದ ಹಣವೆಂದು ಒಂದು ಸಾಲು ಬರೆದುಕೊಡಿ. ಕಾಗದ ಬೇಕೆನ್ನುವುದು ಅಪನಂಬಿಕೆಯಲ್ಲ. ನಂಬಿಕೆ ಇರುವಾಗಲೇ ಅದನ್ನು ಬರೆಯುವುದು ಸುಲಭ.

ಮೊನ್ನೆ ಪುಣೆಯಿಂದ ಗೆಳತಿ ಫೋನು ಮಾಡಿದ್ದಳು. ಅಲ್ಲಿ ಕುರ್ತಾ ಮಾರಿಕೊಡುತ್ತಾಳಂತೆ. ಮಗಳು ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು: ‘ಕರಾರುಪತ್ರ ಯಾವಾಗ ಕಳಸ್ತಿ?’