ಹಿರಿಯಣ್ಣ ವೆಲ್ಲೆಸ್ಲಿ

ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಲಾರ್ಡ್ ವೆಲ್ಲೆಸ್ಲಿ ಎಂದರೆ ಸಹಾಯಕ ಸೈನ್ಯ ಪದ್ಧತಿ ಮತ್ತು 1799ರ ಮೈಸೂರು ಯುದ್ಧ. ಅಲ್ಲಿಗೆ ಅವನ ಕಥೆ ಮುಗಿಯುತ್ತದೆ. ಅವನಿಗೂ ಒಂದು ಮನೆಯಿತ್ತು, ಮನೆಯ ಮೇಲೆ ಸಾಲವಿತ್ತು, ಓದಿಸಬೇಕಾದ ತಮ್ಮಂದಿರಿದ್ದರು ಎಂಬುದು ಪರೀಕ್ಷೆಗೆ ಬೇಡವಾದ ವಿಷಯ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ರಿಚರ್ಡ್ ವೆಲ್ಲೆಸ್ಲಿ ಹುಟ್ಟಿದ್ದು 1760ರಲ್ಲಿ, ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಮೂಲದ ಜಮೀನುದಾರರ ಮನೆತನದಲ್ಲಿ. ತಂದೆ ಗ್ಯಾರೆಟ್, ಮಾರ್ನಿಂಗ್‌ಟನ್ನಿನ ಅರ್ಲ್. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ರಾಗತಾಳ ಬಲ್ಲವನಿಗೆ ಜಮಾಖರ್ಚು ಒಲಿಯಲಿಲ್ಲ. 1781ರಲ್ಲಿ ಅವನು ತೀರಿಕೊಂಡಾಗ ಹಿರಿಯ ಮಗನಿಗೆ ಬಿರುದಿನ ಜೊತೆಗೆ ಸಾಲವೂ ಬಂತು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ರಿಚರ್ಡ್ ಪದವಿ ಪಡೆಯದೆಯೇ ಮರಳಿ, ತಮ್ಮಂದಿರ ವಿದ್ಯಾಭ್ಯಾಸದ ಭಾರ ಹೊತ್ತ.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಮನೆಯಲ್ಲಿ ಬಿ.ಎ. ತರಗತಿಯಲ್ಲಿ ಕೂತವನು ನಾನೇ ಮೊದಲಿಗ. ಅಪ್ಪ ಹೋದ ವರ್ಷ ಅಣ್ಣ ಎಂಟನೆಯ ತರಗತಿಯ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿ ನೇಗಿಲು ಹಿಡಿದ. ನನ್ನ ಫೀಸು ಅವನು ಬೆಳೆದ ರಾಗಿ. ಅರ್ಲ್ ಎಲ್ಲಿ, ಆರಂಬಗಾರನೆಲ್ಲಿ ಎಂದು ವಾಚಕರು ನಗಬಹುದು. ಮನೆಗೆ ಹಿರಿಯನಾಗಿ ಹುಟ್ಟಿದವನ ಪಾಡು ಎಲ್ಲಿಯೂ ಒಂದೇ.

ಪಾಡು ಒಂದೇ ಆದರೂ ಕೈಯಲ್ಲಿದ್ದ ಸಾಧನ ಬೇರೆ. ಅರ್ಲ್ ಐರ್ಲೆಂಡಿನ ರಾಜಪ್ರತಿನಿಧಿಗೆ ಕೇಳಿಕೊಂಡ. 1787ರಲ್ಲಿ ತಮ್ಮ ಆರ್ಥರ್‌ಗೆ ಸೈನ್ಯದಲ್ಲಿ ಹುದ್ದೆಯಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಬೇರ್ಡ್. ಪಟ್ಟಣದ ಅಧಿಕಾರ ದೊರೆತದ್ದು ಗವರ್ನರ್ ಜನರಲ್ಲನ ತಮ್ಮನಿಗೆ. ಬೇರ್ಡ್ ನೊಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಬ್ಬ ತಮ್ಮ ಹೆನ್ರಿಗೆ 1801ರಲ್ಲಿ ಔಧ್ ಬಿಟ್ಟುಕೊಟ್ಟ ಸೀಮೆಯ ಆಡಳಿತ. ಆದರೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇದೇ ಆರ್ಥರ್, ವೆಲಿಂಗ್‌ಟನ್ನಿನ ಡ್ಯೂಕ್. ಶಿಫಾರಸು ಬಾಗಿಲು ತೆರೆಯಿತು. ಒಳಗೆ ನಡೆದದ್ದು ಅವನ ಸ್ವಂತ ಕಾಲಿನಲ್ಲಿ.

ಅಣ್ಣನಿಗೆ ಮೈಸೂರಿನ ಜಯಕ್ಕಾಗಿ ಸಿಕ್ಕಿದ್ದು ಐರಿಷ್ ಮಾರ್ಕ್ವಿಸ್ ಪದವಿ. ಬ್ರಿಟಿಷ್ ಬಿರುದಿನ ಆಸೆಯಲ್ಲಿದ್ದವನು ಅದನ್ನು ಚಿನ್ನದ ನೀರು ಕುಡಿಸಿದ ಆಲೂಗಡ್ಡೆ ಎಂದು ಹಳಿದ. ನೆಂಟಸ್ತಿಕೆಯೋ ಇನ್ನೂ ವಿಚಿತ್ರ. 1825ರಲ್ಲಿ ಕೈಹಿಡಿದ ಎರಡನೆಯ ಹೆಂಡತಿ ಮೇರಿಯಾನ್ ಅಮೆರಿಕದ ಕ್ಯಾಥೊಲಿಕ್ ವಿಧವೆ. ಆಕೆಯ ಅಜ್ಜ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವನು. ಆಕೆಯ ಮೊದಲ ಗಂಡನ ತಂಗಿ ನೆಪೋಲಿಯನ್ನನ ತಮ್ಮನನ್ನು ಮದುವೆಯಾಗಿದ್ದವಳು! ಫ್ರೆಂಚ್ ಮೂಲದ ಮೊದಲ ಹೆಂಡತಿ ಹಯಸಿಂತ್‌ಳ ಮಗಳು ಆನ್ ವಂಶದಲ್ಲಿ ಮುಂದೆ ರಾಣಿ ಎರಡನೆಯ ಎಲಿಜಬೆತ್ ಹುಟ್ಟಿದಳು.

1842ರಲ್ಲಿ ಮಾರ್ಕ್ವಿಸ್ ತೀರಿಕೊಂಡ. ಉತ್ತರಾಧಿಕಾರಿಯಾಗಬಲ್ಲ ಮಗನಿಲ್ಲದೆ ಆ ಬಿರುದೂ ಅವನೊಡನೆ ಹೋಯಿತು. ಅವನು ಜರಿದ ಬಿರುದು ಉಳಿಯಲಿಲ್ಲ. ಅವನು ಓದಿಸಿದ ತಮ್ಮನ ಹೆಸರು ಉಳಿಯಿತು. ನಮ್ಮಂಥವರ ಅಣ್ಣಂದಿರು ರಾಜಪ್ರತಿನಿಧಿಗಳಿಗೆ ಕಾಗದ ಬರೆಯಲಾರರು. ಅವರು ಬರೆಯದ ಆ ಕಾಗದದ ಬದಲಿಗೆ ನಮಗೆ ಈ ಸರ್ಕಾರಿ ಕಾಲೇಜಿದೆ. ಬಾಗಿಲಂತೂ ತೆರೆದಿದೆ, ಇನ್ನು ನಡೆಯುವುದು ನಮಗೆ ಸೇರಿದ್ದು.