ಹಾಲು ಮತ್ತು ಪಾಲು

ಶಾಲೆಯ ಪ್ರವೇಶಪತ್ರದಲ್ಲಿ ‘ಮಾತೃಭಾಷೆ’ ಎಂಬ ಶಬ್ದದ ಮುಂದೆ ಎರಡು ಅಂಗುಲದಷ್ಟು ಸ್ಥಳವನ್ನು ಬಿಟ್ಟಿರುತ್ತಾರೆ. ಮೈಸೂರಿನವನಿಗೋ ಧಾರವಾಡದವನಿಗೋ ಅದು ಧಾರಾಳವಾಯಿತು. ಆದರೆ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಹುಟ್ಟಿ, ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ, ನಿವೃತ್ತನಾದ ಮೇಲೆ ಮಗನ ಸಂಸಾರದ ಬೆನ್ನು ಹಿಡಿದು ಬೆಂಗಳೂರಿನ ಇಲೆಕ್ಟ್ರಾನಿಕ್ ಸಿಟಿಯ ಬಹುಮಹಡಿಯ ಮನೆಯೊಂದಕ್ಕೆ ಬಂದು ಸೇರಿದ ನನ್ನಂಥವನು, ಎಂಟು ವರ್ಷದ ಮೊಮ್ಮಗಳ ಪರವಾಗಿ ಆ ಸ್ಥಳವನ್ನು ತುಂಬಲು ಕುಳಿತಾಗ, ಲೇಖನಿ ಹಿಡಿದ ಕೈ ಕ್ಷಣಕಾಲ ನಿಂತುಬಿಡುತ್ತದೆ.

ನಿಲ್ಲುವುದಕ್ಕೆ ಕಾರಣವುಂಟು. ಮನೆಯೊಳಗೆ ನಾವು ಆಡುವುದು ಹವ್ಯಕ ಕನ್ನಡ. ಅಡಕೆಯ ತೋಟಕ್ಕೆ ಕೆಲಸಕ್ಕೆ ಬರುವವರೊಡನೆ ತುಳು. ಪೇಟೆಯ ಅಂಗಡಿಯಲ್ಲಿಯೂ ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ಮಲಯಾಳ. ಪಠ್ಯಪುಸ್ತಕದಲ್ಲಿ ಮಾತ್ರ ಶಿಷ್ಟವಾದ ಕನ್ನಡ. 1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳದ ಪಾಲಿಗೆ ಹೋಯಿತಷ್ಟೆ; ಅದೇ ದಿನ ಜಾರಿಗೆ ಬಂದ ಸಂವಿಧಾನದ 7ನೆಯ ತಿದ್ದುಪಡಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣವನ್ನು ಒದಗಿಸಲು ರಾಜ್ಯಗಳು ಯತ್ನಿಸತಕ್ಕದ್ದೆಂದು 350ಎ ವಿಧಿಯಲ್ಲಿ ಹೇಳಿತು. ಗಾಯವೂ ಮದ್ದೂ ಒಂದೇ ದಿನ ಒಂದೇ ಗಾಡಿಯಲ್ಲಿ ಬಂದಿಳಿದಂತೆ. ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ವರದಿ ಕಪಾಟಿನಲ್ಲಿ ಉಳಿಯಿತು, ಹೊಳೆ ಹರಿಯುತ್ತ ಹೋಯಿತು. ನಮ್ಮ ಕನ್ನಡ ಶಾಲೆಗಳು ಆ ಮದ್ದಿನ ಬಲದಿಂದ ಇಂದಿಗೂ ಉಸಿರಾಡುತ್ತಿವೆ. ಮೊಮ್ಮಗಳು ಮೂರನೆಯ ತರಗತಿಯವರೆಗೆ ಕಲಿತದ್ದು ಅಂಥದೊಂದರಲ್ಲಿ.

ಅವಳನ್ನು ನಾನು ‘ಪ್ರತಿಭಾವಂತೆ’ ಎಂದರೆ, ಮೊಮ್ಮಕ್ಕಳ ವಿಷಯದಲ್ಲಿ ಅಜ್ಜಂದಿರ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಒಪ್ಪಲಾರದೆಂದು ವಾಚಕರು ನಗಬಹುದು. ಆದುದರಿಂದ ವಿಶೇಷಣವನ್ನು ಬಿಟ್ಟು ನಡೆದ ಸಂಗತಿಯನ್ನಷ್ಟೇ ಹೇಳುತ್ತೇನೆ. ಆರು ವರ್ಷದವಳಿದ್ದಾಗ ಒಂದು ಸಾಯಂಕಾಲ ಜಗಲಿಯಲ್ಲಿ ಕುಳಿತು, ಏನನ್ನೋ ಲೆಕ್ಕ ಹಾಕುವವಳಂತೆ ಬೆರಳು ಮಡಿಸುತ್ತಿದ್ದಳು. ನಾವು ಹಾಲು ಎಂದರೆ ಅಂಗಡಿಯವರು ಪಾಲ್ ಎನ್ನುತ್ತಾರೆ. ನಾವು ಹಲ್ಲು ಎಂದರೆ ಅವರು ಪಲ್ಲ್. ನಮ್ಮ ಹತ್ತು ಅವರಿಗೆ ಪತ್ತ್. ಹುಲಿ ಅವರಿಗೆ ಪುಲಿ, ತೋಟಕ್ಕೆ ಬರುವವರಿಗೆ ಪಿಲಿ. ಹೂವಾದರೆ ಇಬ್ಬರಿಗೂ ಪೂ. ‘ಎಲ್ಲ ಕಡೆ ಪ, ನಮ್ಮಲ್ಲಿ ಮಾತ್ರ ಹ. ಎಂತಕೆ?’ ಎಂದು ಕೇಳಿದಳು. ಪಂಪನ ಕಾಲದ ಕನ್ನಡಿಗನೂ ಪಾಲ್, ಪುಲಿ, ಪೂ ಎಂದೇ ನುಡಿಯುತ್ತಿದ್ದನೆಂಬುದನ್ನೂ, 13ನೆಯ ಶತಮಾನದಲ್ಲಿ ಕೇಶಿರಾಜನು ವ್ಯಾಕರಣ ಬರೆಯುವ ವೇಳೆಗೆ ಪಕಾರವು ಹಕಾರವಾಗುವ ಪಲ್ಲಟ ನಾಡಿನ ನಾಲಗೆಯ ಮೇಲೆ ಹರಡಿತ್ತೆಂಬುದನ್ನೂ ನಾನು ಕಲಿತದ್ದು ಕಾಲೇಜಿನಲ್ಲಿ; ಅದೂ ಗುರುಗಳು ಹೇಳಿಕೊಟ್ಟ ಮೇಲೆ. ಹಾಗಾದರೆ ಪುಸ್ತಕ ಏಕೆ ಹುಸ್ತಕವಾಗಲಿಲ್ಲವೆಂದು ಮರುದಿನ ಕೇಳಿದಳು. ಅದು ಸಂಸ್ಕೃತದಿಂದ ಬಂದ ಅತಿಥಿಯೆಂದು ಸಮಾಧಾನ ಹೇಳಿದೆ. ಮೂರನೆಯ ದಿನದ ಪ್ರಶ್ನೆ ನನ್ನನ್ನು ಕೆಡವಿತು: ಹಾಲೇನೋ ಹಾಲಾಯಿತು, ಆದರೆ ಅಣ್ಣತಮ್ಮಂದಿರು ಹಂಚಿಕೊಳ್ಳುವ ಪಾಲು ಮಾತ್ರ ಏಕೆ ಪಾಲಾಗಿಯೇ ಉಳಿಯಿತು? ಮೂವತ್ತು ವರ್ಷ ಕನ್ನಡ ಕಲಿಸಿದ ನನ್ನಲ್ಲಿ ಉತ್ತರವಿರಲಿಲ್ಲ.

ಇಂಥ ಕೂಸಿಗೆ ಬೆಂಗಳೂರಿನಲ್ಲಿ ಯಾವ ಶಾಲೆ ಎಂಬ ಪ್ರಶ್ನೆ, ಮಗನಿಗೆ ವರ್ಗವಾದ ದಿನದಿಂದ ನಮ್ಮ ಮನೆಯಲ್ಲಿ ನಾಲ್ಕು ಭಾಷೆಗಳಲ್ಲಿ ಚರ್ಚೆಯಾಯಿತು. ಕೇರಳದಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ಎಲ್‌ಎಸ್‌ಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯೂ ಏಳನೆಯದರಲ್ಲಿ ಯುಎಸ್‌ಎಸ್ ಎಂಬುದೂ ಉಂಟು. ಅದಕ್ಕೆ ಸಿದ್ಧಳಾಗುತ್ತಿದ್ದ ಹೊತ್ತಿನಲ್ಲಿಯೇ ಊರು ಬಿಟ್ಟೆವು. ಜಿಲ್ಲೆಗೊಂದರಂತೆ ಇರುವ ನವೋದಯ ವಿದ್ಯಾಲಯಗಳು, 1986ರ ಶಿಕ್ಷಣನೀತಿಯ ಅತ್ಯುತ್ತಮ ಫಲಗಳಲ್ಲಿ ಒಂದೆಂದು ನಾನು ಎಣಿಸತಕ್ಕವು, ಆರನೆಯ ತರಗತಿಗೆ ಪರೀಕ್ಷೆಯ ಮೂಲಕ ಮಕ್ಕಳನ್ನು ಆಯ್ದುಕೊಳ್ಳುತ್ತವೆ. ಆದರೆ ಐದನೆಯ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕೆಂಬ ನಿಯಮವಿರುವುದರಿಂದಲೂ, ನೂರಕ್ಕೆ 75 ಸ್ಥಾನಗಳು ಗ್ರಾಮೀಣರಿಗೆ ಮೀಸಲಾಗಿರುವುದರಿಂದಲೂ, ನಮ್ಮ ಜಿಲ್ಲೆಯ ಪೆರಿಯದ ನವೋದಯದ ಕನಸನ್ನು ತಲಪಾಡಿಯ ಗಡಿಯಲ್ಲಿಯೇ ಇಳಿಸಿ ಬರಬೇಕಾಯಿತು. ಒಂದು ಜಿಲ್ಲೆಯ ಪ್ರತಿಭೆ ಇನ್ನೊಂದು ಜಿಲ್ಲೆಗೆ ಬಂದಾಗ ಮೊದಲಿನಿಂದ ಸಾಲಿನಲ್ಲಿ ನಿಲ್ಲಬೇಕು.

ಶೋಧ ಪ್ರಾರಂಭವಾಯಿತು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯನ್ನು ನಾನು ಓದಿಕೊಂಡಿದ್ದೆ: ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣದಿಂದ ಮಗುವಿನ ಪ್ರವೇಶವನ್ನು ತಡೆಯತಕ್ಕದ್ದಲ್ಲ, ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಕೂಡದು, ಪರೀಕ್ಷಿಸಿದ ಶಾಲೆಗೆ ಮೊದಲ ತಪ್ಪಿಗೆ 25,000 ರೂಪಾಯಿಯವರೆಗೆ ದಂಡ. ಕಾನೂನು ಇಷ್ಟು ಸ್ಪಷ್ಟವಾಗಿದೆ. ಆದುದರಿಂದ ನಾವು ಹೋದ ಯಾವ ಶಾಲೆಯಲ್ಲಿಯೂ ಪರೀಕ್ಷೆ ನಡೆಯಲಿಲ್ಲ; ನಡೆದದ್ದು ‘ಇಂಟರಾಕ್ಷನ್’. ಗಾಜಿನ ಗೋಡೆಯ ಕೋಣೆಯಲ್ಲಿ, ನಸುನಗುತ್ತಿದ್ದ ಅಧ್ಯಾಪಿಕೆಯೊಬ್ಬರು ಚಿತ್ರಪಟಗಳನ್ನು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದರು. ಮೊಮ್ಮಗಳು ಸುಮ್ಮನೆ ಕುಳಿತಳು. ಕನಿಕರದಿಂದ ಕನ್ನಡಕ್ಕೆ ತಿರುಗಿ, ‘ಇದು ಆನೆ ಅಲ್ವಾ ಪುಟ್ಟಾ?’ ಎಂದರು. ನಮ್ಮ ಹವ್ಯಕರಲ್ಲಿ ಹೌದು ಎಂಬುದಕ್ಕೆ ‘ಅಪ್ಪು’ ಎನ್ನುವುದು ರೂಢಿ. ಅವಳೂ ತಲೆಯಾಡಿಸಿ ‘ಅಪ್ಪು’ ಎಂದಳು. ‘ಓ, ಅಪ್ಪು ಅಂದ್ರೆ ಇಷ್ಟಾನಾ? ಯಾವ ಸಿನಿಮಾ ನೋಡಿದೀಯ?’ ಎಂದು ಅವರು ಸಂತೋಷಪಟ್ಟರು. ಪುನೀತ್ ರಾಜಕುಮಾರರನ್ನು ಈ ಊರು ಆ ಹೆಸರಿನಿಂದ ಎಷ್ಟು ಪ್ರೀತಿಸುತ್ತದೆಂಬುದನ್ನು ಅರಿಯದ ಮಗು ನನ್ನ ಮುಖ ನೋಡಿತು. ಕನ್ನಡದಿಂದ ಕನ್ನಡಕ್ಕೆ ದುಭಾಷಿಯಾಗಿ ನಾನು ಮಧ್ಯೆ ಪ್ರವೇಶಿಸುವಷ್ಟರಲ್ಲಿ, ಅವರ ಕಾಗದದಲ್ಲಿ ಏನೋ ಗುರುತು ಬಿದ್ದಾಗಿತ್ತು. ಮಗು ಚೂಟಿಯಾಗಿಲ್ಲ, ಒಂದು ವರ್ಷ ಕೆಳಗಿನ ತರಗತಿಯಲ್ಲಿ ಕೂರಿಸಿದರೆ ಒಳ್ಳೆಯದು ಎಂಬುದು ಮರುದಿನ ಬಂದ ಸಂದೇಶದ ಸಾರಾಂಶ.

ಇನ್ನೊಂದು ದಿನ ವೈಟ್‌ಫೀಲ್ಡಿಗೆ ಹೋದೆವು. 1882ರ ಸುಮಾರಿಗೆ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲಸಿ ಕಟ್ಟಿಕೊಂಡ ಹಳ್ಳಿಯದು. ಎರಡು ನೆಲಗಳ ನಡುವಿನ ಜನ ತಮ್ಮದೊಂದು ನೆಲೆಗಾಗಿ ಹುಡುಕಿ ಬಂದ ಜಾಗವೆಂಬುದರಿಂದ, ಗಡಿನಾಡಿನ ನನಗೆ ಅಲ್ಲಿ ಒಂದು ವಿಧದ ಆತ್ಮೀಯತೆ. ಅಲ್ಲಿಯ ಶಾಲೆಯೊಂದರಲ್ಲಿ ‘ಗಿಫ್ಟೆಡ್’ ಮಕ್ಕಳಿಗೆ ಪ್ರತ್ಯೇಕ ವಿಭಾಗವೇ ಇತ್ತು. ಪ್ರತ್ಯೇಕವಾದ ಶುಲ್ಕವೂ ಇತ್ತು. ಬುದ್ಧಿಪರೀಕ್ಷೆಯ ಅಂಕ ಇಷ್ಟಕ್ಕಿಂತ ಮೇಲಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆಂದೂ, ಪರೀಕ್ಷೆ ಇಂಗ್ಲಿಷಿನಲ್ಲಿಯೆಂದೂ ಗುಮಾಸ್ತರು ವಿವರಿಸಿದರು.

ಮರಳುವ ದಾರಿಯುದ್ದಕ್ಕೂ ನನಗೆ ಲೂಯಿಸ್ ಟರ್ಮನ್ ನೆನಪಾಗುತ್ತಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಈ ಮನಃಶಾಸ್ತ್ರಜ್ಞರು 1921ರಲ್ಲಿ ಕ್ಯಾಲಿಫೋರ್ನಿಯದ ಶಾಲೆಗಳನ್ನು ಜಾಲಾಡಿ, ಬುದ್ಧಿಪರೀಕ್ಷೆಯ ಜರಡಿಯಿಂದ 1,500ಕ್ಕೂ ಮಿಕ್ಕಿದ ಮಕ್ಕಳನ್ನು ಆಯ್ದು, ಅವರ ಜೀವನವನ್ನು ದಶಕಗಳ ಕಾಲ ಅನುಸರಿಸಿದರು. ಆಯ್ಕೆಯಾದವರಲ್ಲಿ ಅನೇಕರು ಒಳ್ಳೆಯ ಸ್ಥಾನಗಳಿಗೆ ಏರಿದರು. ನೊಬೆಲ್ ಪಾರಿತೋಷಕ ಮಾತ್ರ ಯಾರಿಗೂ ಬರಲಿಲ್ಲ. ಆ ಜರಡಿಯಿಂದ ಕೆಳಗೆ ಬಿದ್ದ ಇಬ್ಬರು ಹುಡುಗರಿಗೆ ಬಂದಿತು: ಒಬ್ಬರು ಲೂಯಿಸ್ ಆಲ್ವರೆಜ್, ಇನ್ನೊಬ್ಬರು, ಟ್ರಾನ್ಸಿಸ್ಟರಿನ ಸಂಶೋಧನೆಗಾಗಿ ಇಬ್ಬರು ಸಹೋದ್ಯೋಗಿಗಳೊಡನೆ 1956ರಲ್ಲಿ, ನಮ್ಮ ಊರು ಕೇರಳಕ್ಕೆ ಸೇರಿದ ಆ ವರ್ಷದಲ್ಲಿಯೇ, ಆ ಗೌರವವನ್ನು ಪಡೆದ ವಿಲಿಯಂ ಶಾಕ್ಲಿ. 1970ರ ದಶಕದಲ್ಲಿ ರಾಜ್ಯದ ಇಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸಿನ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ಹೊಲದಲ್ಲಿ ಒಂದು ಇಲೆಕ್ಟ್ರಾನಿಕ್ ನಗರವನ್ನು ಕಲ್ಪಿಸಿಕೊಂಡರಲ್ಲವೆ, ಆ ಕಲ್ಪನೆಯ ಬೀಜ ಟ್ರಾನ್ಸಿಸ್ಟರು. ಹಾಗೆ ನೋಡಿದರೆ ನನ್ನ ಮಗನ ಸಂಬಳವೂ, ಆ ಗಾಜಿನ ಕೋಣೆಯೂ, ಜರಡಿಯೊಂದು ‘ಸಾಲದು’ ಎಂದು ಬಿಟ್ಟ ಹುಡುಗನೊಬ್ಬನ ಋಣದಲ್ಲಿವೆ.

ಇಷ್ಟರಿಂದ ಪ್ರತಿಭೆಯ ಪೋಷಣೆಯೇ ವ್ಯರ್ಥವೆಂದು ನಾನು ಹೇಳಿದಂತಾಗಲಿಲ್ಲ. ಪುಣೆಯ ಜ್ಞಾನ ಪ್ರಬೋಧಿನಿ 1962ರಿಂದ ಆ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತ ಬಂದಿದೆ. ನಮ್ಮ ಬೆಂಗಳೂರಿನಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಬಗೆಯನ್ನು ಕುರಿತು ಸಂಶೋಧಿಸಿ ಅಧ್ಯಾಪಕರಿಗೆ ತರಬೇತು ಕೊಡುತ್ತಿದೆ. 2020ರ ಶಿಕ್ಷಣನೀತಿಯೂ ಇಂಥ ಮಕ್ಕಳಿಗೆ ಕೆಲವು ಪರಿಚ್ಛೇದಗಳನ್ನು ಮೀಸಲಿಟ್ಟಿದೆ. ನನ್ನ ವಾದ ಇಷ್ಟೆ: ಗಡಿಯ ಮಗುವಿನ ಬುದ್ಧಿ ಒಂದು ಭಾಷೆಯೊಳಗೆ ಇರುವುದಿಲ್ಲ, ಎರಡರ ನಡುವಿನ ಸಂದಿಯಲ್ಲಿ ಇರುತ್ತದೆ, ಒಂದೇ ಭಾಷೆಯ ದೀಪ ಹಿಡಿದು ಹುಡುಕುವವನಿಗೆ ಆ ಸಂದಿ ಕತ್ತಲಾಗಿಯೇ ಕಾಣುತ್ತದೆ.

ಈ ಕತ್ತಲು ನನ್ನ ಕಣ್ಣಿಗೂ ಕವಿದದ್ದುಂಟು. ಎದುರುಮನೆಯಲ್ಲಿ ಕೊಲ್ಲಂ ಕಡೆಯ ಗೃಹಸ್ಥರೊಬ್ಬರಿದ್ದಾರೆ. ನನ್ನ ಮಲಯಾಳವನ್ನು ಕೇಳಿ ಸಂತೋಷಗೊಂಡು ಕಾಫಿಗೆ ಕರೆದರು. ಕಾಫಿಯೊಡನೆ ದೂರನ್ನೂ ಬಡಿಸಿದರು. 2015ರ ಕನ್ನಡ ಭಾಷಾ ಕಲಿಕೆಯ ಕಾನೂನಿನಂತೆ ಇಲ್ಲಿಯ ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಲೇಬೇಕಲ್ಲ, ಮನೆಯಲ್ಲಿ ಇಲ್ಲದ ಭಾಷೆಯನ್ನು ಮಗುವಿನ ಮೇಲೆ ಹೇರುವುದು ಯಾವ ನ್ಯಾಯ, ಎಂದರು. ಮಾತು ನನಗೆ ಚಿರಪರಿಚಿತವಾಗಿತ್ತು. ಏಕೆಂದರೆ ಅದು ನನ್ನದೇ ಮಾತು. ಮಲಯಾಳವನ್ನು ಕಡ್ಡಾಯಗೊಳಿಸಿದ ಕೇರಳದ 2017ರ ಕಾನೂನಿನ ವಿರುದ್ಧ ಕಾಸರಗೋಡಿನಲ್ಲಿ ಕನ್ನಡಿಗರು ಬೀದಿಗಿಳಿದಾಗ, ಬಿಸಿಲಿನಲ್ಲಿ ನಿಂತು ಅಕ್ಷರಶಃ ಅದನ್ನೇ ಆಡಿದವರಲ್ಲಿ ನಾನೂ ಒಬ್ಬ. ತಲೆಮಾರುಗಳಿಂದ ಬಾಳಿದ ನೆಲವೇ ರಾಜ್ಯ ಬದಲಿಸಿದವರ ಪ್ರಶ್ನೆ ಬೇರೆ, ಉದ್ಯೋಗಕ್ಕಾಗಿ ತಾವೇ ರಾಜ್ಯ ಬದಲಿಸಿದವರ ಪ್ರಶ್ನೆ ಬೇರೆ ಎಂದು ನಾನು ಉತ್ತರ ಕೊಟ್ಟೆ. ಆ ಭೇದ ಸತ್ಯವೆಂದು ಈಗಲೂ ನಂಬಿದ್ದೇನೆ. ಆದರೆ ಅವರ ಏಳು ವರ್ಷದ ಮಗ ಬಾಗಿಲ ಮರೆಯಲ್ಲಿ ನಿಂತು ಕನ್ನಡದ ಕಾಗುಣಿತವನ್ನು ತಡವರಿಸುತ್ತ ಓದುತ್ತಿದ್ದುದನ್ನು ಕಂಡಾಗ, ನನ್ನ ಭೇದ ಆ ಮಗುವಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲವೆಂಬುದೂ ಹೊಳೆಯಿತು. ಅಂದಿನಿಂದ ಸಂಜೆಯ ಹೊತ್ತು ಅವನು ನಮ್ಮಲ್ಲಿಗೆ ಬರುತ್ತಾನೆ; ಮೊಮ್ಮಗಳು ಅವನಿಗೆ ಪ ತೆಗೆದು ಹ ಹಾಕುವ ತನ್ನ ಸೂತ್ರವನ್ನು ಕಲಿಸಿದ್ದಾಳೆ. ಕೆಲವೊಮ್ಮೆ ಅದು ಫಲಿಸುತ್ತದೆ.

ಶಾಲೆ ಕೊನೆಗೆ ಸಿಕ್ಕಿದ್ದು, ಬಡಾವಣೆಗಳು ನುಂಗಿ ಇನ್ನೂ ಅರಗಿಸಿಕೊಳ್ಳಲಾರದ ಒಂದು ಹಳ್ಳಿಯಲ್ಲಿ. ಅಲ್ಲಿಂದ ಅತ್ತಿಬೆಲೆಯ ಗಡಿ ದೂರವಿಲ್ಲ. ಅದನ್ನು ದಾಟಿದರೆ ಹೊಸೂರು. ತಲಪಾಡಿಯ ಗಡಿಯನ್ನು ಬಿಟ್ಟು ಬಂದವರು ಇನ್ನೊಂದು ಗಡಿಯ ಬುಡದಲ್ಲಿಯೇ ಬಂದು ಕುಳಿತಿದ್ದೇವೆಂಬುದು ಅಂದೇ ನನಗೆ ಸ್ಪಷ್ಟವಾದದ್ದು. ಗಾಜಿನ ಕೋಣೆ ಇರಲಿಲ್ಲ; ಹಂಚಿನ ಮಾಡು, ಹೊಂಗೆಯ ಮರ. ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು ತೆಲುಗು, ತಮಿಳು, ಹಿಂದಿ, ರಾಯಚೂರಿನ ಕನ್ನಡ, ಎಲ್ಲವನ್ನೂ ಕಲಸಿ ಗದ್ದಲ ಮಾಡುತ್ತಿದ್ದರು. ಕನ್ನಡ ಕಲಿಸುವ ಅಧ್ಯಾಪಿಕೆ ಆನೇಕಲ್ ಕಡೆಯವರು, ಮನೆಮಾತು ತೆಲುಗು. ‘ನಿನಗೇನಾದರೂ ಕೇಳಬೇಕಾ?’ ಎಂದರು. ಈವರೆಗೆ ಎಲ್ಲರೂ ಅವಳನ್ನು ಕೇಳಿದ್ದರೇ ಹೊರತು, ಕೇಳು ಎಂದವರಿರಲಿಲ್ಲ. ಅವಳು ಎರಡು ವರ್ಷದಿಂದ ಇಟ್ಟುಕೊಂಡಿದ್ದುದನ್ನು ಹೊರತೆಗೆದಳು: ಹಾಲು ಹಾಲಾಯಿತು, ಪಾಲು ಏಕೆ ಆಗಲಿಲ್ಲ?

ಅಧ್ಯಾಪಿಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಮನೆಯಲ್ಲಿ ಎರಡೂ ಪಾಲೇ ಕಣಮ್ಮ. ಕುಡಿಯೋದೂ ಪಾಲು, ಹಂಚೋದೂ ಪಾಲು’ ಎಂದರು.

ಮೊಮ್ಮಗಳ ಕಣ್ಣು ಅರಳಿತು. ‘ಹಾಗಾದರೆ ಎರಡೂ ಒಂದೇ ಆಗಿ ಗೊಂದಲ ಆಗಬಾರದು ಅಂತ ಕನ್ನಡದವರು ಒಂದನ್ನು ಮಾತ್ರ ಬದಲಾಯಿಸಿದರೋ?’

‘ಇರಬಹುದು. ಆದರೆ ನಮ್ಮ ಮನೆಯಲ್ಲಿ ಇಷ್ಟು ವರ್ಷವಾದರೂ ಗೊಂದಲ ಆಗಲಿಲ್ಲವಲ್ಲ?’

ಸಿದ್ಧಾಂತ ಮುರಿದುಬಿತ್ತು. ಮುರಿದವರನ್ನು ಅವಳು ನೋಡಿದ ನೋಟವನ್ನು ನಾನು ಬಹುಕಾಲ ಮರೆಯಲಾರೆ. ಎದುರಾಳಿಯಿಲ್ಲದೆ ಚೆನ್ನೆಮಣೆಯ ಮುಂದೆ ಒಬ್ಬಳೇ ಕುಳಿತಿದ್ದವಳಿಗೆ ಆಡಲು ಜೊತೆ ಸಿಕ್ಕಿದಂತಿತ್ತು. ಪ್ರವೇಶಪತ್ರದ ಎರಡು ಅಂಗುಲದಲ್ಲಿ ‘ಕನ್ನಡ’ ಎಂದು ಬರೆದು ಸಹಿ ಮಾಡಿದೆ.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಅವಳು ನನ್ನ ಕೈಯನ್ನೆಳೆದು, ‘ಅಜ್ಜಾ, ನಾಳೆಯೂ ಹೋಪಲೆ ಆವುತ್ತೋ?’ ಎಂದಳು.

‘ಅಪ್ಪು’ ಎಂದೆ.